ಒಂದೇ ಕಂಪ್ಯೂಟರಿನಲ್ಲಿ ಎರಡು ವ್ಯವಸ್ಥೆ

ಕಾಸರಗೋಡಿನ ಕನ್ನಡ ಶಾಲೆಗಳಲ್ಲಿ ನಮ್ಮ ಮಕ್ಕಳು ಕಂಪ್ಯೂಟರ್ ಕಲಿಯುವುದು ಲಿನಕ್ಸಿನಲ್ಲಿ. 2001ರ ಐಟಿ ಅಟ್ ಸ್ಕೂಲ್ ಯೋಜನೆ 2017ರಲ್ಲಿ ‘ಕೈಟ್’ ಸಂಸ್ಥೆಯಾಯಿತು. ಅದು ಶಾಲೆಗಳಿಗೆ ಕೊಡುವ, ಉಬುಂಟು ಆಧಾರದ ಲಿನಕ್ಸಿಗೆ ಹಣ ತೆರಬೇಕಿಲ್ಲ. ಮನೆಯಲ್ಲಿ ಇರುವುದು ಹೆಚ್ಚಾಗಿ ವಿಂಡೋಸ್. ಹಾಗಾದರೆ ಮಗು ಮನೆಯಲ್ಲಿ ಅಭ್ಯಾಸ ಮಾಡುವುದೆಲ್ಲಿ? ವಿಂಡೋಸನ್ನು ಅಳಿಸದೆಯೇ ಲಿನಕ್ಸನ್ನೂ ಹಾಕಬಹುದು. ಮನೆಯಲ್ಲಿ ಒಂದು, ಪೇಟೆಯಲ್ಲಿ ಇನ್ನೊಂದು ಭಾಷೆ ಆಡುವ ನಮಗೆ ಇದು ಹೊಸತಲ್ಲ. ಒಂದು ಸಲಕ್ಕೆ ಒಂದೇ ನಡೆಯುತ್ತದೆ, ಅಷ್ಟೆ.

ಬ್ಯಾಂಕಿನಲ್ಲಿ ಬಾಕಿ ತಾಳೆಯಾಗದೆ ಹೊಸ ಲೆಡ್ಜರ್ ತೆರೆಯುತ್ತಿರಲಿಲ್ಲ. ಇಲ್ಲಿಯೂ ಮೊದಲು ಜಾಗದ ಪತ್ರ, ಫೋಟೋ, ಲೆಕ್ಕಗಳನ್ನು ಬೇರೆ ಡ್ರೈವಿಗೆ ನಕಲು ಮಾಡಿ, ತೆರೆದು ನೋಡಿ. ಬಿಟ್‌ಲಾಕರ್ ಇದ್ದರೆ ರಿಕವರಿ ಕೀ ಬರೆದಿಟ್ಟು ಅದನ್ನು ಆಫ್ ಮಾಡಿ. ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ವಿಂಡೋಸಿನ ಭಾಗವನ್ನು ಕುಗ್ಗಿಸಿ ಸುಮಾರು 50 ಜಿಬಿ ಖಾಲಿ ಬಿಡಿ. ಪೆನ್‌ಡ್ರೈವಿನಿಂದಲೇ ಲಿನಕ್ಸ್ ಓಡಿಸಿ, ವೈಫೈ, ಧ್ವನಿ ಸರಿಯಿದೆಯೇ ಪರೀಕ್ಷಿಸಿ.

ಕೊನೆಗೆ ‘ವಿಂಡೋಸ್ ಜೊತೆಗೆ’ ಎಂಬುದನ್ನೇ ಆರಿಸಿ. ‘ಡಿಸ್ಕ್ ಅಳಿಸು’ ಎಂಬುದನ್ನು ಆರಿಸಿ ಮುಂದುವರಿದರೆ ಎಲ್ಲವೂ ಹೋಯಿತು! ಮುಂದೆ ಕಂಪ್ಯೂಟರ್ ತೆರೆದಾಗಲೆಲ್ಲ ‘ಗ್ರಬ್’ ಎಂಬ ಪಟ್ಟಿ ಬರುತ್ತದೆ. ಪಾಠಕ್ಕೆ ಮಗು ಒಂದನ್ನು, ಲೆಕ್ಕಕ್ಕೆ ಹಿರಿಯರು ಇನ್ನೊಂದನ್ನು ಆರಿಸಿಕೊಳ್ಳಲಿ.