ಪ್ರೆಶರ್ ವಾಷರ್‌ನಲ್ಲಿ ಹೋಸ್ ಪೈಪಿನ ವ್ಯಾಸ ಮತ್ತು ಒತ್ತಡ ನಷ್ಟ

ಪ್ರೆಶರ್ ವಾಷರ್ ಎಂಬುದು ಪಂಪಿನ ಸಹಾಯದಿಂದ ನೀರನ್ನು ಅಧಿಕ ಒತ್ತಡದಲ್ಲಿ ಚಿಮ್ಮಿಸಿ ವಾಹನ, ನೆಲ, ಗೋಡೆ ಮೊದಲಾದವುಗಳನ್ನು ತೊಳೆಯುವ ಯಂತ್ರ. ಪಂಪಿನಿಂದ ಹೊರಟ ನೀರು ಹೋಸ್ ಪೈಪಿನ ಮೂಲಕ ಸಾಗಿ, ಗನ್ನಿನ ತುದಿಯಲ್ಲಿರುವ ನಾಜಲ್ ತಲಪುವಷ್ಟರಲ್ಲಿ ತನ್ನ ಒತ್ತಡದ ಒಂದು ಭಾಗವನ್ನು ಕಳೆದುಕೊಳ್ಳುತ್ತದೆ. ಇದನ್ನು ಒತ್ತಡ ನಷ್ಟ ಎನ್ನುತ್ತಾರೆ. ಪೈಪಿನ ಉದ್ದ, ನೀರಿನ ಹರಿವಿನ ಪ್ರಮಾಣ, ಒಳಮೈಯ ನಯ ಮತ್ತು ಒಳವ್ಯಾಸ ಇವು ಈ ನಷ್ಟವನ್ನು ನಿರ್ಧರಿಸುತ್ತವೆ. ಇವುಗಳಲ್ಲಿ ಒಳವ್ಯಾಸದ ಪ್ರಭಾವವೇ ಅತ್ಯಂತ ಹೆಚ್ಚಿನದು.

ನಷ್ಟಕ್ಕೆ ಕಾರಣ

ಹರಿಯುವ ನೀರಿನಲ್ಲಿ ಗೋಡೆಗೆ ತಾಗಿದ ಪದರವು ಬಹುಮಟ್ಟಿಗೆ ನಿಂತೇ ಇರುತ್ತದೆ. ನಡುವಿನ ನೀರು ವೇಗವಾಗಿ ಸಾಗುತ್ತದೆ. ಈ ವೇಗಗಳ ಅಂತರದಿಂದ ಉಂಟಾಗುವ ಆಂತರಿಕ ಘರ್ಷಣೆಗೆ ಸ್ನಿಗ್ಧತೆ ಕಾರಣ. ವೇಗ ಹೆಚ್ಚಾದಾಗ ನೀರು ಸುಳಿಸುಳಿಯಾಗಿ ಕಲಕಿಕೊಂಡು ಹರಿಯುತ್ತದೆ. ಇದು ಪ್ರಕ್ಷುಬ್ಧ ಹರಿವು. ಪ್ರೆಶರ್ ವಾಷರ್ ಪೈಪುಗಳಲ್ಲಿ ಸಾಮಾನ್ಯವಾಗಿ ಕಂಡುಬರುವುದು ಇದೇ. ಸುಳಿಗಳಲ್ಲಿ ಕಳೆದುಹೋದ ಶಕ್ತಿ ಶಾಖವಾಗಿ ಮಾರ್ಪಡುತ್ತದೆ. ಅದು ಮತ್ತೆ ಒತ್ತಡವಾಗಿ ಹಿಂದಿರುಗುವುದಿಲ್ಲ.

ಇತಿಹಾಸ

ಕಿರಿದಾದ ನಳಿಕೆಗಳಲ್ಲಿ ದ್ರವದ ಹರಿವನ್ನು ಜರ್ಮನಿಯ ಗಾಟ್‌ಹಿಲ್ಫ್ ಹಾಗನ್ 1839ರಲ್ಲಿಯೂ, ಫ್ರಾನ್ಸಿನ ವೈದ್ಯ ಝಾನ್ ಪ್ವಾಸೆಯ್ 1840ರ ದಶಕದಲ್ಲಿಯೂ ಪ್ರತ್ಯೇಕವಾಗಿ ಅಧ್ಯಯನ ಮಾಡಿದರು. ಪ್ವಾಸೆಯ್ ಅವರ ಆಸಕ್ತಿ ರಕ್ತನಾಳಗಳಲ್ಲಿನ ರಕ್ತದ ಚಲನೆಯ ಕಡೆಗಿತ್ತು. ಶಾಂತವಾದ ಹರಿವಿನಲ್ಲಿ ಒತ್ತಡ ನಷ್ಟವು ವ್ಯಾಸದ ನಾಲ್ಕನೆಯ ಘಾತಕ್ಕೆ ವಿಲೋಮಾನುಪಾತದಲ್ಲಿರುತ್ತದೆ ಎಂಬುದು ಇವರ ಕೆಲಸದಿಂದ ದೊರೆತ ನಿಯಮ. ದೊಡ್ಡ ಕೊಳವೆಗಳ ಪ್ರಕ್ಷುಬ್ಧ ಹರಿವಿಗೆ ಅನ್ವಯಿಸುವ ಸೂತ್ರವನ್ನು ಜೂಲಿಯಸ್ ವೈಸ್‌ಬಾಕ್ 1845ರಲ್ಲಿ ನೀಡಿದರು. ಹೆನ್ರಿ ಡಾರ್ಸಿ 1857ರಲ್ಲಿ ತಮ್ಮ ಪ್ರಯೋಗಗಳನ್ನು ಪ್ರಕಟಿಸಿದರು. ಆದುದರಿಂದ ಅದಕ್ಕೆ ಡಾರ್ಸಿ-ವೈಸ್‌ಬಾಕ್ ಸೂತ್ರ ಎಂಬ ಹೆಸರು ಬಂದಿದೆ. ಶಾಂತ ಹರಿವು ಯಾವಾಗ ಪ್ರಕ್ಷುಬ್ಧವಾಗುತ್ತದೆ ಎಂಬುದನ್ನು ಆಸ್ಬರ್ನ್ ರೆನಾಲ್ಡ್ಸ್ 1883ರಲ್ಲಿ ಬಣ್ಣದ ನೀರಿನ ಎಳೆಯನ್ನು ಗಾಜಿನ ಕೊಳವೆಯಲ್ಲಿ ಹರಿಯಬಿಟ್ಟು ತೋರಿಸಿದರು.

ವ್ಯಾಸದ ಪ್ರಭಾವ

ಒಂದೇ ಪ್ರಮಾಣದ ನೀರು ಕಿರಿದಾದ ಪೈಪಿನಲ್ಲಿ ಸಾಗಬೇಕಾದರೆ ಅದು ಹೆಚ್ಚು ವೇಗವಾಗಿ ಓಡಬೇಕು. ವ್ಯಾಸವು ಅರ್ಧಕ್ಕಿಳಿದರೆ ಅಡ್ಡಕೊಯ್ತದ ವಿಸ್ತೀರ್ಣ ಕಾಲುಭಾಗವಾಗುತ್ತದೆ. ವೇಗ ನಾಲ್ಕು ಪಟ್ಟಾಗುತ್ತದೆ. ಘರ್ಷಣೆಯ ನಷ್ಟವು ವೇಗದ ವರ್ಗದೊಡನೆ ಏರುವುದರಿಂದ ಅದು ಸುಮಾರು 16 ಪಟ್ಟಾಗುತ್ತದೆ. ಇದರ ಮೇಲೆ, ಕಿರಿದಾದ ಪೈಪಿನಲ್ಲಿ ನೀರಿನ ಪ್ರಮಾಣಕ್ಕೆ ಹೋಲಿಸಿದರೆ ಗೋಡೆಯ ಸಂಪರ್ಕವೂ ಎರಡು ಪಟ್ಟು. ಹೀಗೆ ನಷ್ಟವು ವ್ಯಾಸದ ಐದನೆಯ ಘಾತಕ್ಕೆ ವಿಲೋಮಾನುಪಾತದಲ್ಲಿದೆ ಎಂದು ಸ್ಥೂಲವಾಗಿ ಹೇಳಬಹುದು. ನಯವಾದ ಪೈಪಿನಲ್ಲಿ ವೇಗ ಹೆಚ್ಚಿದಂತೆ ಘರ್ಷಣಾಂಕ ಸ್ವಲ್ಪ ಇಳಿಯುವುದರಿಂದ ಘಾತವು 4.75ರಷ್ಟಾಗುತ್ತದೆ. ಅಂದರೆ ವ್ಯಾಸ ಇಮ್ಮಡಿಯಾದರೆ ನಷ್ಟವು ಸುಮಾರು 27ರಲ್ಲಿ ಒಂದು ಭಾಗಕ್ಕೆ ಇಳಿಯುತ್ತದೆ.

ಉದ್ದದ ಪ್ರಭಾವ ಇದಕ್ಕಿಂತ ಸರಳ: ಉದ್ದ ಇಮ್ಮಡಿಯಾದರೆ ನಷ್ಟವೂ ಇಮ್ಮಡಿ. ಹರಿವು ಇಮ್ಮಡಿಯಾದರೆ ನಷ್ಟ ಸುಮಾರು ಮೂರೂಕಾಲು ಪಟ್ಟಿಗಿಂತ ತುಸು ಹೆಚ್ಚಾಗುತ್ತದೆ.

ಉದಾಹರಣೆ

ನಿಮಿಷಕ್ಕೆ 15 ಲೀಟರ್ ನೀರು ಕೊಡುವ ಯಂತ್ರಕ್ಕೆ 15 ಮೀಟರ್ ಉದ್ದದ, ಒಳಮೈ ನಯವಾದ ಪೈಪನ್ನು ಜೋಡಿಸಿದಾಗ ಸೂತ್ರದಿಂದ ದೊರೆಯುವ ಅಂದಾಜು ನಷ್ಟ ಹೀಗಿದೆ:

- ಕಾಲು ಅಂಗುಲ, 6.35 ಮಿ.ಮೀ.: ನೀರಿನ ವೇಗ ಸೆಕೆಂಡಿಗೆ 7.9 ಮೀಟರ್, ನಷ್ಟ 15.5 ಬಾರ್
- ಹದಿನಾರನೆಯ ಐದು ಅಂಗುಲ, 7.94 ಮಿ.ಮೀ.: ವೇಗ 5 ಮೀಟರ್, ನಷ್ಟ 5.4 ಬಾರ್
- ಎಂಟನೆಯ ಮೂರು ಅಂಗುಲ, 9.53 ಮಿ.ಮೀ.: ವೇಗ 3.5 ಮೀಟರ್, ನಷ್ಟ 2.3 ಬಾರ್
- ಅರ್ಧ ಅಂಗುಲ, 12.7 ಮಿ.ಮೀ.: ವೇಗ 2 ಮೀಟರ್, ನಷ್ಟ 0.6 ಬಾರ್

ವ್ಯಾಸವು ಒಂದೂವರೆ ಪಟ್ಟಾದರೆ, ಅಂದರೆ ಕಾಲು ಅಂಗುಲದಿಂದ ಎಂಟನೆಯ ಮೂರು ಅಂಗುಲಕ್ಕೆ ಏರಿದರೆ, ನಷ್ಟ ಏಳರಲ್ಲಿ ಒಂದು ಭಾಗವಾಗುತ್ತದೆ. 200 ಬಾರ್ ಒತ್ತಡದ ಯಂತ್ರದಲ್ಲಿ 15 ಬಾರ್ ನಷ್ಟ ಅಷ್ಟೇನೂ ದೊಡ್ಡದಲ್ಲವೆಂದು ತೋರಬಹುದು. ಆದರೆ ಅದೇ ಕಾಲು ಅಂಗುಲದ ಪೈಪನ್ನು 60 ಮೀಟರ್‌ವರೆಗೆ ಎಳೆದರೆ ನಷ್ಟ 62 ಬಾರ್, ಅಂದರೆ ಮೂರರಲ್ಲಿ ಒಂದು ಭಾಗದ ಸಮೀಪಕ್ಕೆ ಬರುತ್ತದೆ. ಎಂಟನೆಯ ಮೂರು ಅಂಗುಲದ ಪೈಪಿನಲ್ಲಿ ಇದು 9 ಬಾರ್ ಮಾತ್ರ. ಇದಕ್ಕೆ ವಿರುದ್ಧವಾಗಿ, ನಿಮಿಷಕ್ಕೆ 6 ಲೀಟರ್ ನೀರು ಬಳಸುವ ಮನೆಬಳಕೆಯ ಯಂತ್ರದಲ್ಲಿ 15 ಮೀಟರ್ ಕಾಲು ಅಂಗುಲದ ಪೈಪಿನ ನಷ್ಟ ಸುಮಾರು 3 ಬಾರ್ ಮಾತ್ರ. ಆದುದರಿಂದ ಸಣ್ಣ ಯಂತ್ರಗಳೊಡನೆ ಸಪೂರವಾದ ಪೈಪು ಬರುವುದು ತಪ್ಪಲ್ಲ.

ಪಂಪು ಮತ್ತು ನಾಜಲ್‌ನ ಮೇಲೆ ಪರಿಣಾಮ

ಈ ಯಂತ್ರಗಳ ಪಿಸ್ಟನ್ ಪಂಪು ಪ್ರತಿ ಸುತ್ತಿಗೂ ನಿಗದಿತ ಪ್ರಮಾಣದ ನೀರನ್ನು ತಳ್ಳುತ್ತದೆ. ಒತ್ತಡವು ಹುಟ್ಟುವುದು ಮುಂದಿರುವ ತಡೆಯಿಂದ. ಆದುದರಿಂದ ಸಪೂರ ಪೈಪು ಜೋಡಿಸಿದಾಗ ಪಂಪಿನ ಬಳಿ ಒತ್ತಡ ಏರುತ್ತದೆ ಮತ್ತು ಮೋಟಾರಿನ ಮೇಲೆ ಹೊರೆ ಬೀಳುತ್ತದೆ. ಏರಿದ ಒತ್ತಡವು ಅನ್‌ಲೋಡರ್ ಕವಾಟದ ಮಿತಿಯನ್ನು ಮುಟ್ಟಿದಾಗ ಆ ಕವಾಟವು ಸ್ವಲ್ಪ ನೀರನ್ನು ಹಿಂದಕ್ಕೆ ತಿರುಗಿಸುತ್ತದೆ. ಆಗ ನಾಜಲ್‌ಗೆ ಹೋಗುವ ನೀರೂ ಒತ್ತಡವೂ ಕಡಿಮೆಯಾಗುತ್ತವೆ. ಪಂಪಿನ ಮಾಪಕ ಪೂರ್ಣ ಒತ್ತಡ ತೋರಿಸುತ್ತಿದ್ದರೂ ಕೊಳೆ ಬಿಡದಿರುವುದಕ್ಕೆ ಇದು ಒಂದು ಕಾರಣ. ಗನ್ನನ್ನು ಮುಚ್ಚಿ ಹಿಡಿದಾಗ ಹರಿವೇ ಇಲ್ಲದುದರಿಂದ ಘರ್ಷಣೆಯ ನಷ್ಟವೂ ಇರುವುದಿಲ್ಲ. ಹಾಗಾಗಿ ನಷ್ಟವನ್ನು ಅಳೆಯಬೇಕಾದರೆ ನೀರು ಚಿಮ್ಮುತ್ತಿರುವಾಗಲೇ ಗನ್ನಿನ ಬಳಿಯ ಒತ್ತಡವನ್ನು ನೋಡಬೇಕು.

ಮಾರ್ಜಕವನ್ನು ಎಳೆದುಕೊಳ್ಳುವ ಇಂಜೆಕ್ಟರ್ ಪಂಪಿನ ಹೊರದಾರಿಯಲ್ಲಿದ್ದರೆ, ಅದರ ಮುಂದಿನ ಉದ್ದವಾದ ಸಪೂರ ಪೈಪಿನ ತಡೆಯಿಂದ ಮಾರ್ಜಕ ಎಳೆಯುವುದು ನಿಂತುಹೋಗಬಹುದು.

ಸಾಮಾನ್ಯ ತಪ್ಪು ಕಲ್ಪನೆ

ತೋಟದ ಪೈಪಿನ ಬಾಯಿಯನ್ನು ಬೆರಳಿನಿಂದ ಒತ್ತಿದರೆ ನೀರು ದೂರಕ್ಕೆ ಹಾರುತ್ತದೆ. ಇದನ್ನು ಕಂಡು, ಪೈಪು ಸಪೂರವಾದಷ್ಟೂ ಒತ್ತಡ ಹೆಚ್ಚುತ್ತದೆಂದು ಹಲವರು ಭಾವಿಸುತ್ತಾರೆ. ಬೆರಳು ಹರಿವನ್ನು ತಗ್ಗಿಸುವುದರಿಂದ ದಾರಿಯಲ್ಲಿನ ನಷ್ಟ ಕಡಿಮೆಯಾಗಿ, ಉಳಿದ ಒತ್ತಡವು ತುದಿಯಲ್ಲಿ ವೇಗವಾಗಿ ಮಾರ್ಪಡುತ್ತದೆ. ನಾಜಲ್ ಮಾಡುವ ಕೆಲಸವೂ ಇದೇ. ಕಿರಿದಾಗಬೇಕಾದುದು ತುದಿ ಮಾತ್ರ. ದಾರಿಯೆಲ್ಲವೂ ಕಿರಿದಾದರೆ ಶಕ್ತಿಯು ದಾರಿಯಲ್ಲಿಯೇ ಸೋರಿಹೋಗುತ್ತದೆ.

ಪೈಪಿನ ಆಯ್ಕೆ

ಅಗಲವಾದ ಪೈಪಿಗೂ ಮಿತಿಗಳಿವೆ. ಅದು ಹೆಚ್ಚು ಭಾರ, ಬಾಗಿಸುವುದು ಕಷ್ಟ, ಬೆಲೆಯೂ ಹೆಚ್ಚು. ಒಂದೇ ಒತ್ತಡದಲ್ಲಿ ದೊಡ್ಡ ವ್ಯಾಸದ ಗೋಡೆಯ ಮೇಲೆ ಬೀಳುವ ಸೆಳೆತ ಹೆಚ್ಚಾದುದರಿಂದ ಅದಕ್ಕೆ ಬಲವಾದ ಉಕ್ಕಿನ ತಂತಿಯ ಹೆಣಿಗೆ ಬೇಕಾಗುತ್ತದೆ. ಆದುದರಿಂದ ವ್ಯಾಸದೊಡನೆ, ಪೈಪಿನ ಮೇಲೆ ಮುದ್ರಿಸಿರುವ ಗರಿಷ್ಠ ಒತ್ತಡವನ್ನೂ ಗಮನಿಸಬೇಕು. ಜೋಡಣೆಗಳ ಒಳರಂಧ್ರ ಪೈಪಿಗಿಂತ ಕಿರಿದಾಗಿದ್ದರೆ ಅಲ್ಲಿಯೂ ನಷ್ಟವಾಗುತ್ತದೆ. ಯಂತ್ರಕ್ಕಿಂತ 10 ಮೀಟರ್ ಎತ್ತರದಲ್ಲಿ ತೊಳೆಯುವಾಗ, ವ್ಯಾಸ ಎಷ್ಟಿದ್ದರೂ, ಸುಮಾರು 1 ಬಾರ್ ಒತ್ತಡ ಎತ್ತರಕ್ಕಾಗಿಯೇ ವ್ಯಯವಾಗುತ್ತದೆ.

ತೊಟ್ಟಿಯಿಂದ ಪಂಪಿಗೆ ನೀರು ತರುವ ಪೈಪಿನ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ತೆರೆದ ತೊಟ್ಟಿಯಿಂದ ನೀರನ್ನು ತಳ್ಳುವ ವಾಯುಮಂಡಲದ ಒತ್ತಡ ಸುಮಾರು 1 ಬಾರ್ ಮಾತ್ರ. ಪೈಪು ಸಪೂರವಾಗಿ ಈ ಒತ್ತಡ ಸಾಲದಾದರೆ ಪಂಪಿನೊಳಗೆ ಆವಿಯ ಗುಳ್ಳೆಗಳು ಹುಟ್ಟಿ ಒಡೆಯುತ್ತವೆ. ಇದರಿಂದ ಕವಾಟ ಮತ್ತು ಸೀಲುಗಳು ಬೇಗನೆ ಹಾಳಾಗುತ್ತವೆ.

ಸುರಕ್ಷತೆ

ಒತ್ತಡ ಸಾಲದೆಂದು ಅನ್‌ಲೋಡರ್ ಕವಾಟವನ್ನು ನಿಗದಿತ ಮಿತಿಗಿಂತ ಬಿಗಿಗೊಳಿಸುವುದು ಅಪಾಯಕರ. ಪೈಪು ಅಥವಾ ಪಂಪು ಒಡೆಯಬಹುದು. ಸೋರುವ ಜಾಗವನ್ನು ಬರಿಗೈಯಿಂದ ಮುಟ್ಟಿ ಹುಡುಕಬಾರದು. ಸೂಜಿಯಷ್ಟು ತೆಳುವಾದ ಧಾರೆಯೂ ಚರ್ಮವನ್ನು ಸೀಳಿ ಒಳಹೊಗಬಲ್ಲದು. ಗಾಯ ಹೊರನೋಟಕ್ಕೆ ಚಿಕ್ಕದಾಗಿ ಕಂಡರೂ ಒಳಗಿನ ಹಾನಿ ದೊಡ್ಡದಾಗಿರಬಹುದಾದುದರಿಂದ ಕೂಡಲೇ ವೈದ್ಯಕೀಯ ಚಿಕಿತ್ಸೆ ಪಡೆಯಬೇಕು.

ಇತರ ಬಳಕೆಗಳು

ಇದೇ ತತ್ವವು ಅಗ್ನಿಶಾಮಕ ಪೈಪು, ಹನಿ ನೀರಾವರಿ ಮತ್ತು ಕೊಳವೆಬಾವಿಯ ಪೈಪುಗಳಿಗೂ ಅನ್ವಯಿಸುತ್ತದೆ. ಮಲೆನಾಡು ಮತ್ತು ಕರಾವಳಿಯ ಅಡಿಕೆ ತೋಟಗಳಲ್ಲಿ ಕೊಳೆರೋಗದ ತಡೆಗೆ ಬೋರ್ಡೋ ದ್ರಾವಣ ಸಿಂಪಡಿಸುವಾಗಲೂ ಪಂಪಿನಿಂದ ಉದ್ದವಾದ ಪೈಪನ್ನು ಎಳೆಯಬೇಕಾಗುತ್ತದೆ. ಅಲ್ಲಿ ಪೈಪಿನ ಉದ್ದ, ವ್ಯಾಸ ಮತ್ತು ಮರದ ಎತ್ತರ ಈ ಮೂರೂ ಗೊನೆಗೆ ತಲಪುವ ಧಾರೆಯ ಬಲವನ್ನು ನಿರ್ಧರಿಸುತ್ತವೆ.