ಗಳಿಕೆ ಮತ್ತು ಉಳಿಕೆ

ಹಣವನ್ನು ಗಳಿಸುವುದು ಒಂದು ಸಾಮರ್ಥ್ಯ. ಗಳಿಸಿದುದನ್ನು ಉಳಿಸಿ ಬಳಸುವುದು ಮತ್ತೊಂದು ಸಾಮರ್ಥ್ಯ. ಮೊದಲನೆಯದು ಕೈಗೂಡಿದ ಮಾತ್ರಕ್ಕೆ ಎರಡನೆಯದು ತಾನಾಗಿಯೇ ಒದಗುವುದಿಲ್ಲ. ಅಲ್ಪ ವರಮಾನದಲ್ಲಿಯೂ ಯಾರ ಹಂಗಿಲ್ಲದೆ ಬಾಳುವ ಸಂಸಾರಗಳುಂಟು. ಅದರ ನಾಲ್ಕು ಪಟ್ಟು ಸಂಪಾದಿಸಿಯೂ ತಿಂಗಳ ಕೊನೆಯಲ್ಲಿ ಕೈಗಡಕ್ಕಾಗಿ ಅಲೆಯುವ ಸಂಸಾರಗಳೂ ಉಂಟು. ಈ ಎರಡನೆಯ ಸಾಮರ್ಥ್ಯವನ್ನು ರೂಢಿಸಿಕೊಳ್ಳಲು ತಕ್ಕ ಕಾಲವೆಂದರೆ ತರುಣನೋ ತರುಣಿಯೋ ಮೊದಲ ಸಂಬಳವನ್ನು ಪಡೆದ ತಿಂಗಳು. ಆಗ ಹೊಣೆಗಳು ಕಡಿಮೆ. ಖರ್ಚಿನ ಅಭ್ಯಾಸಗಳೂ ಇನ್ನೂ ಬೇರು ಬಿಟ್ಟಿರುವುದಿಲ್ಲ.

ಕೂಡಿಡುವ ಗುಣ ನಮ್ಮ ಜನರಿಗೆ ಹೊಸದಲ್ಲ. ಸುಗ್ಗಿಯಲ್ಲಿ ಕಣಜವನ್ನೂ ಹಗೇವನ್ನೂ ತುಂಬಿ, ಬಿತ್ತನೆಯ ಬೀಜವನ್ನು ಬೇರೆಯಾಗಿ ತೆಗೆದಿರಿಸುವುದು ಒಕ್ಕಲುತನದ ಮೊದಲ ಪಾಠ. ಮನೆಯೊಡತಿ ಸಾಸಿವೆ ಡಬ್ಬಿಯಲ್ಲಿ ಬಚ್ಚಿಟ್ಟ ಪುಡಿಗಾಸು ಎಷ್ಟೋ ಮನೆಗಳ ಮಾನವನ್ನು ಕಾಪಾಡಿದೆ. ಆದರೆ ಡಬ್ಬಿಯಲ್ಲಿಟ್ಟ ಹಣ ಬೆಳೆಯುವುದಿಲ್ಲ. ಕಳವಿನ ಭಯವೂ ತಪ್ಪದು. 1882ರಲ್ಲಿ ನಮ್ಮ ದೇಶದ ಅಂಚೆ ಕಚೇರಿಗಳಲ್ಲಿ ಉಳಿತಾಯ ಬ್ಯಾಂಕು ಆರಂಭವಾದಾಗ ಈ ಕೊರತೆ ಬಹುಮಟ್ಟಿಗೆ ನೀಗಿತು. ಆದರೂ ದಿನಗೂಲಿಯವರು, ಸಣ್ಣ ವ್ಯಾಪಾರಿಗಳು ಕೆಲಸ ಬಿಟ್ಟು ಕಚೇರಿಗೆ ಹೋಗಿ ಕೆಲವೇ ಆಣೆಗಳನ್ನು ಕಟ್ಟಿ ಬರುವುದು ಸುಲಭವಾಗಿರಲಿಲ್ಲ.

ಇದಕ್ಕೆ ಪರಿಹಾರ ಕರಾವಳಿಯ ಉಡುಪಿಯಲ್ಲಿ ದೊರೆಯಿತು. ಕೈಮಗ್ಗದ ನೇಕಾರರು ಸಂಕಷ್ಟದಲ್ಲಿದ್ದ ಕಾಲದಲ್ಲಿ, 1925ರಲ್ಲಿ, ಉಪೇಂದ್ರ ಅನಂತ ಪೈ, ವಾಮನ ಕುಡ್ವ ಮತ್ತು ಡಾ. ಟಿ. ಎಂ. ಎ. ಪೈ ಅವರು ಅಲ್ಲಿ ಒಂದು ಬ್ಯಾಂಕನ್ನು ಸ್ಥಾಪಿಸಿದರು. ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾಗಿ, 1969ರಲ್ಲಿ ರಾಷ್ಟ್ರೀಕರಣಗೊಂಡು, 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾದುದು ಇದೇ ಸಂಸ್ಥೆ. 1928ರಲ್ಲಿ ಅದು ಪಿಗ್ಮಿ ಠೇವಣಿ ಎಂಬ ಯೋಜನೆಯನ್ನು ಜಾರಿಗೆ ತಂದಿತು. ಬ್ಯಾಂಕಿನ ಪ್ರತಿನಿಧಿಯೇ ದಿನವೂ ಮನೆಬಾಗಿಲಿಗೆ ಬಂದು ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಸ್ವೀಕರಿಸುತ್ತಿದ್ದನು. ರೂಪಾಯಿಗೆ ಹದಿನಾರಾಣೆಯಿದ್ದ ಆ ದಿನಗಳಲ್ಲಿ ಎರಡಾಣೆಯೆಂದರೆ ರೂಪಾಯಿಯ ಎಂಟನೆಯ ಒಂದು ಪಾಲು. ದಿನವೂ ತಪ್ಪದೆ ಅಷ್ಟನ್ನು ಕಟ್ಟಿದವರಿಗೆ ವರ್ಷದ ಕೊನೆಯಲ್ಲಿ, ಬಡ್ಡಿಯನ್ನು ಬಿಟ್ಟು, 45 ರೂಪಾಯಿ 10 ಆಣೆ ಕೂಡುತ್ತಿತ್ತು. ಅಷ್ಟು ಹಣವನ್ನು ಒಮ್ಮೆಗೇ ತೆಗೆದಿಡುವುದು ಬಡ ಕುಟುಂಬಕ್ಕೆ ಆಗದ ಮಾತು. ಇಂದಿಗೂ ಸಹಕಾರ ಸಂಘಗಳ ಪಿಗ್ಮಿ ಸಂಗ್ರಾಹಕರು ಅಂಗಡಿಯಿಂದ ಅಂಗಡಿಗೆ ನಡೆಯುವುದನ್ನು ಅನೇಕ ಊರುಗಳಲ್ಲಿ ಕಾಣಬಹುದು.

ಈ ಯೋಜನೆಯ ಮರ್ಮ ಎರಡು ಮಾತುಗಳಲ್ಲಿದೆ: ಮೊತ್ತ ಚಿಕ್ಕದಾದರೂ ಕ್ರಮ ತಪ್ಪಬಾರದು, ಖರ್ಚಿಗೆ ಮೊದಲೇ ಉಳಿತಾಯದ ಪಾಲು ಬೇರೆಯಾಗಬೇಕು. ಖರ್ಚು ಕಳೆದು ಮಿಕ್ಕುದನ್ನು ಉಳಿಸುವೆನೆನ್ನುವವನಿಗೆ ಸಾಮಾನ್ಯವಾಗಿ ಏನೂ ಮಿಗುವುದಿಲ್ಲ. ಬೀಜದ ಕಾಳನ್ನು ಮೊದಲೇ ಎತ್ತಿಡುವ ರೈತನ ವಿವೇಕವೇ ಇಲ್ಲಿಯೂ ಬೇಕು. ಆಗತಾನೆ ಉದ್ಯೋಗಕ್ಕೆ ಸೇರಿದ ತರುಣಿಯೊಬ್ಬಳು ಸಂಬಳದ ದಿನವೇ 1,000 ರೂಪಾಯಿಯನ್ನು ಆವರ್ತ ಠೇವಣಿಗೆ ಕಟ್ಟುತ್ತ ಬಂದಳೆಂದು ಭಾವಿಸಬಹುದು. ವರ್ಷಕ್ಕೆ ನೂರಕ್ಕೆ ಆರರಂತೆ ಬಡ್ಡಿ ದೊರೆತರೆ, ಹತ್ತು ವರ್ಷಗಳಲ್ಲಿ ಅವಳು ಕಟ್ಟಿದ 1,20,000 ರೂಪಾಯಿ ಸುಮಾರು 1,63,000 ರೂಪಾಯಿಯಾಗಿ ಬೆಳೆದಿರುತ್ತದೆ. ಬಡ್ಡಿಗೂ ಬಡ್ಡಿ ಸೇರುವ ಚಕ್ರಬಡ್ಡಿಯ ಫಲವಿದು. ಬೇಗ ಆರಂಭಿಸಿದಷ್ಟೂ ಈ ಫಲ ಹೆಚ್ಚು.

ಆದರೆ ಚಕ್ರಬಡ್ಡಿಗೆ ಪಕ್ಷಪಾತವಿಲ್ಲ. ಉಳಿಸಿದವನ ಹಣವನ್ನು ಬೆಳೆಸುವ ಅದೇ ಚಕ್ರ ಸಾಲಗಾರನ ಹೊರೆಯನ್ನೂ ಬೆಳೆಸುತ್ತದೆ, ಮತ್ತು ಬಹು ವೇಗವಾಗಿ ಬೆಳೆಸುತ್ತದೆ. ನೂರಕ್ಕೆ ಆರರ ವಾರ್ಷಿಕ ಬಡ್ಡಿಯಲ್ಲಿ ಠೇವಣಿ ಇಮ್ಮಡಿಯಾಗಲು ಸುಮಾರು ಹನ್ನೆರಡು ವರ್ಷ ಬೇಕು. ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ ಬಡ್ಡಿಯ ಸಾಲವಾದರೋ, ತೀರಿಸದೆ ಬಿಟ್ಟರೆ, ಎರಡೇ ವರ್ಷಗಳಲ್ಲಿ ಇಮ್ಮಡಿಯಾಗುತ್ತದೆ. ಮನೆಯವರ ಕಾಯಿಲೆ, ಕೈತಪ್ಪಿದ ಉದ್ಯೋಗ, ಕೈಕೊಟ್ಟ ಮಳೆ, ಇವು ಹೇಳಿ ಕೇಳಿ ಬರುವುದಿಲ್ಲ. ಇಂತಹ ಆಪತ್ತಿಗೆಂದು ಕನಿಷ್ಠ ಮೂರು ತಿಂಗಳ ಖರ್ಚಿನಷ್ಟು ಹಣವನ್ನು ಬೇರೆಯಾಗಿ ಇರಿಸಿಕೊಂಡವನು ಸಾಲಗಾರನ ಬಾಗಿಲಿಗೆ ಹೋಗಬೇಕಾಗುವುದು ಅಪರೂಪ. ಅಕ್ಕಪಕ್ಕದವರನ್ನು ನೋಡಿ ಕಂತಿನ ಮೇಲೆ ಬೈಕು, ಮೊಬೈಲುಗಳನ್ನು ಕೊಳ್ಳುವ ಮೊದಲು ಈ ಲೆಕ್ಕವನ್ನೊಮ್ಮೆ ಕಾಗದದ ಮೇಲೆ ಬರೆದು ನೋಡುವುದು ಲೇಸು. ಹಾಸಿಗೆಯಿದ್ದಷ್ಟು ಕಾಲು ಚಾಚಬೇಕೆಂದು ಹಿರಿಯರು ಹೇಳಿದುದು ಅನುಭವದಿಂದಲೇ.

ಉಳಿಸಿದ ಹಣವನ್ನು ಎಲ್ಲಿ ಇಡಬೇಕೆಂಬ ವಿಚಾರದಲ್ಲಿಯೂ ಎಚ್ಚರ ಬೇಕು. ಕೆಲವೇ ತಿಂಗಳಲ್ಲಿ ಇಮ್ಮಡಿ ಮಾಡಿಕೊಡುವೆವೆನ್ನುವವರ ಮಾತಿಗೆ ಮರುಳಾಗಿ ಅಸಲನ್ನೇ ಕಳೆದುಕೊಂಡವರು ಅನೇಕರು. ಬ್ಯಾಂಕಿನ ಠೇವಣಿಗಳಿಗೆ ವಿಮೆಯ ರಕ್ಷಣೆಯುಂಟು. ಒಂದು ಬ್ಯಾಂಕಿನಲ್ಲಿ ಒಬ್ಬ ಠೇವಣಿದಾರನಿಗೆ ದೊರೆಯುವ ಈ ರಕ್ಷಣೆಯ ಮಿತಿಯನ್ನು 2020ರಲ್ಲಿ 1 ಲಕ್ಷದಿಂದ 5 ಲಕ್ಷ ರೂಪಾಯಿಗೆ ಏರಿಸಲಾಯಿತು. ಬ್ಯಾಂಕುಗಳಲ್ಲದ ಸಹಕಾರ ಸಂಘಗಳಿಗೆ ಈ ವಿಮೆ ಅನ್ವಯಿಸುವುದಿಲ್ಲ. ಆದುದರಿಂದ ಅಲ್ಲಿ ಹಣವಿಡುವವರು ಸಂಘದ ವ್ಯವಹಾರವನ್ನು ವಿಚಾರಿಸಿ ತಿಳಿಯಬೇಕು. ಕಟ್ಟಿದ ಪ್ರತಿಯೊಂದು ಮೊತ್ತಕ್ಕೂ ರಸೀದಿಯನ್ನು ಪಡೆಯಬೇಕು.

ಉಳಿತಾಯವೆಂದರೆ ಜಿಪುಣತನವಲ್ಲ. ಜಿಪುಣನು ತಾನೂ ಉಣ್ಣನು, ಪರರಿಗೂ ನೀಡನು. ಅವನ ಹಣ ಮಣ್ಣಿನೊಳಗಿನ ನಿಧಿಯಂತೆ ಯಾರಿಗೂ ಒದಗದು. ಮಿತವ್ಯಯಿಯಾದರೋ ಬೇಡದ ವೆಚ್ಚವನ್ನು ತಡೆದು, ಬೇಕಾದ ವೆಚ್ಚಕ್ಕೆ ಕೈ ಬಿಚ್ಚುತ್ತಾನೆ. ತಂಗಿಯ ವಿದ್ಯಾಭ್ಯಾಸಕ್ಕೆ, ತಾಯಿಯ ಚಿಕಿತ್ಸೆಗೆ, ನೆರೆಯವರ ಕಷ್ಟಕ್ಕೆ ಸಕಾಲದಲ್ಲಿ ನೆರವಾಗಬಲ್ಲವನು ಅವನೇ. ಅನ್ಯಾಯದ ಮಾತನ್ನು ಒಪ್ಪಿಕೊಳ್ಳೆಂದು ಇತರರು ಒತ್ತಾಯಿಸಿದಾಗ ಒಲ್ಲೆನೆನ್ನುವ ಧೈರ್ಯವೂ ಋಣವಿಲ್ಲದವನಿಗೆ ಸುಲಭವಾಗಿ ಬರುತ್ತದೆ. ಹನಿಗೂಡಿ ಹಳ್ಳವಾಗುವಂತೆ, ದಿನದಿನದ ಚಿಕ್ಕ ಉಳಿಕೆಯೇ ಕೂಡಿ ಮನುಷ್ಯನ ಸ್ವಾಭಿಮಾನಕ್ಕೆ ಆಸರೆಯಾಗುತ್ತದೆ.