ಫೋನಿನ ಮಾತು ನೌಕರಿಗೆ ಕುತ್ತಾದಾಗ

ಅದು 1964ರ ಅಕ್ಟೋಬರ್. ಮುಂಬಯಿಯ ವೈದ್ಯರೊಬ್ಬರ ಮನೆಯ ಟೆಲಿಫೋನಿಗೆ ಪೊಲೀಸರು ಟೇಪ್ ರೆಕಾರ್ಡರ್ ಜೋಡಿಸಿದ್ದರು. ಆ ತುದಿಯಲ್ಲಿದ್ದವರು ನಗರದ ಕರೋನರ್, ಅಂದರೆ ಅಸಹಜ ಸಾವುಗಳ ವಿಚಾರಣೆ ನಡೆಸುವ ಅಧಿಕಾರಿ. ಶಸ್ತ್ರಚಿಕಿತ್ಸೆಯಾದ ರೋಗಿಯೊಬ್ಬರು ತೀರಿಕೊಂಡಿದ್ದರು. ಇನ್ನೊಬ್ಬ ವೈದ್ಯರಿಗೆ ಅನುಕೂಲವಾಗುವಂತೆ ವರದಿ ಕೊಡಲು ಕರೋನರ್ ಕೇಳಿದ್ದು ಮೊದಲು 20,000 ರೂಪಾಯಿ. ಚೌಕಾಸಿಯ ನಂತರ 10,000.

ತಮಗೆ ತಿಳಿಯದಂತೆ ಧ್ವನಿಮುದ್ರಿಸಿದ ಮಾತನ್ನು ಸಾಕ್ಷ್ಯವೆಂದು ಒಪ್ಪಬಾರದೆಂದು ಆ ಅಧಿಕಾರಿ ಮಲ್ಕಾನಿ ಸುಪ್ರೀಂ ಕೋರ್ಟಿನವರೆಗೂ ಹೋದರು. 1972ರಲ್ಲಿ ನ್ಯಾಯಾಲಯ ಆ ವಾದವನ್ನು ತಳ್ಳಿಹಾಕಿತು. ಮಾತನಾಡಿದ ಇಬ್ಬರಲ್ಲಿ ಒಬ್ಬರು ಒಪ್ಪಿಯೇ ಯಂತ್ರ ಜೋಡಿಸಿದ್ದರಲ್ಲ!

ಇಬ್ಬರಿಗೂ ಗೊತ್ತಿಲ್ಲದೆ ಸರ್ಕಾರವೇ ಕಿವಿಗೊಟ್ಟರೆ? ಕದ್ದಾಲಿಕೆ ಎಂದೊಡನೆ ಕನ್ನಡಿಗರಿಗೆ ನೆನಪಾಗುವುದು 1988ರಲ್ಲಿ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆ ಕೊಟ್ಟ ರಾಜೀನಾಮೆ. ಅದು ರಾಜಕೀಯದ ಕತೆಯಾಯಿತು. ಕಾನೂನಿನ ಮಾತು ಬೇರೆ. ಸಾರ್ವಜನಿಕ ತುರ್ತು ಪರಿಸ್ಥಿತಿ ಅಥವಾ ಸಾರ್ವಜನಿಕ ಸುರಕ್ಷತೆಯ ಪ್ರಶ್ನೆ ಇದ್ದರೆ ಮಾತ್ರ ಕದ್ದಾಲಿಸಬಹುದು ಎಂದಿತ್ತು 1885ರ ಟೆಲಿಗ್ರಾಫ್ ಕಾಯ್ದೆ. ಅದರ ಜಾಗಕ್ಕೆಂದು ಮಾಡಿದ 2023ರ ದೂರಸಂಪರ್ಕ ಕಾಯ್ದೆಯಲ್ಲೂ ಈ ಷರತ್ತು ಉಳಿದಿದೆ. ಆದೇಶ ಗೃಹ ಕಾರ್ಯದರ್ಶಿಯ ಮಟ್ಟದಿಂದ ಬರಬೇಕು, ಅದಕ್ಕೆ ಎರಡು ತಿಂಗಳ ಆಯುಸ್ಸು, ಎಷ್ಟು ಮುಂದುವರಿಸಿದರೂ ಆರು ತಿಂಗಳು ಮೀರಬಾರದು ಎಂದು 1996ರಲ್ಲಿ ಸುಪ್ರೀಂ ಕೋರ್ಟ್ ಕಟ್ಟು ಹಾಕಿತು. ನೌಕರ ಕಚೇರಿಗೆ ತಡವಾಗಿ ಬಂದ, ಸಾಹೇಬರನ್ನು ಬೈದ ಎಂಬುದಕ್ಕೆಲ್ಲ ಇಲ್ಲಿ ಜಾಗವಿಲ್ಲ.

ಲಂಚಕ್ಕೆ? ಅಲ್ಲಿ ಒಮ್ಮತವಿಲ್ಲ. 2019ರಲ್ಲಿ ಬಾಂಬೆ ಹೈಕೋರ್ಟ್ ಲಂಚ ಪ್ರಕರಣವೊಂದರ ಕದ್ದಾಲಿಕೆ ಆದೇಶಗಳನ್ನು ರದ್ದುಮಾಡಿ, ಧ್ವನಿಮುದ್ರಣಗಳನ್ನೇ ನಾಶಪಡಿಸಲು ಹೇಳಿತು. 2025ರಲ್ಲಿ ಮದ್ರಾಸ್ ಹೈಕೋರ್ಟ್ ಅದೇ ಹಾದಿ ಹಿಡಿದರೆ, ಅದೇ ವರ್ಷ ದೆಹಲಿ ಹೈಕೋರ್ಟ್ ಭ್ರಷ್ಟಾಚಾರದ ತನಿಖೆಯೊಂದರಲ್ಲಿ ಕದ್ದಾಲಿಕೆಯನ್ನು ಎತ್ತಿಹಿಡಿಯಿತು.

ಕೆಪಿಎಸ್‌ಸಿ ಪರೀಕ್ಷೆಗೆ ಓದುತ್ತಿರುವ ಮಕ್ಕಳೂ, ಅವರಿಗೊಂದು ಸರ್ಕಾರಿ ನೌಕರಿ ಸಿಗಲೆಂದು ಹರಕೆ ಹೊತ್ತ ತಂದೆತಾಯಿಯರೂ ಹೆಚ್ಚು ಗಮನಿಸಬೇಕಾದ್ದು ಇಲಾಖಾ ವಿಚಾರಣೆಯನ್ನು. ಅಲ್ಲಿ ಸಾಕ್ಷ್ಯ ಕಾಯ್ದೆಯ ಬಿಗಿ ಇಲ್ಲ. ಕ್ರಿಮಿನಲ್ ನ್ಯಾಯಾಲಯದಲ್ಲಿ ಅನುಮಾನಕ್ಕೆ ಎಡೆಯಿಲ್ಲದಂತೆ ಅಪರಾಧ ಸಾಬೀತಾಗಬೇಕು. ಇಲಾಖೆಯಲ್ಲಿ 'ತಪ್ಪು ನಡೆದಿರುವ ಸಂಭವವೇ ಹೆಚ್ಚು' ಎನಿಸಿದರೆ ಸಾಕು. ಆದ್ದರಿಂದಲೇ ನ್ಯಾಯಾಲಯದಲ್ಲಿ ಬಿಡುಗಡೆಯಾದವನು ಕೆಲಸ ಕಳೆದುಕೊಳ್ಳುವುದುಂಟು. ಹಾಗೆಂದು ಇಲಾಖೆ ಬಾಗಿಲು ಮುಚ್ಚಿಕೊಂಡು ತೀರ್ಮಾನಿಸುವಂತಿಲ್ಲ. ಆರೋಪ ತಿಳಿಸಿ, ಉತ್ತರ ಹೇಳಲು ಸಾಕಷ್ಟು ಅವಕಾಶ ಕೊಡದೆ ಸಾಮಾನ್ಯವಾಗಿ ಯಾರನ್ನೂ ವಜಾ ಮಾಡಬಾರದು ಎನ್ನುತ್ತದೆ ಸಂವಿಧಾನದ 311ನೆಯ ವಿಧಿ. ಫೋನಿನ ಮಾತನ್ನೇ ನೆಚ್ಚಿ ಆರೋಪ ಹೊರಿಸಿದ್ದರೆ, ಆ ಮಾತನ್ನು ನೌಕರನಿಗೂ ಕೇಳಿಸಬೇಕು. 'ಈ ಧ್ವನಿ ನನ್ನದಲ್ಲ' ಎನ್ನಲು ಅವನಿಗೂ ಎಡೆಯಿರಬೇಕು.